ಫೋನಲ್ಲೇ "ಒಟ್ಟು ಎಷ್ಟಾಗುತ್ತೆ, ಯಾವಾಗ ಕೊಡ್ತೀರಾ" ಅಂದರೆ ಏನು ಹೇಳುತ್ತೀರಿ?

ಹಾಸನದ ಮೂವರು

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಾವು ಮೂರು ಜನ ಸೇರಿ ಸಣ್ಣದಾಗಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇವೆ. ಅಂಗಡಿ ಬಿಲ್ಲಿಂಗ್, ಶಾಲೆ ಫೀಸಿನ ಲೆಕ್ಕ, ಹೋಂಸ್ಟೇ ವೆಬ್‌ಸೈಟ್, ಇಂಥವು. ಈಗ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದವರು ಫೋನ್ ಮಾಡಿದ್ದಾರೆ. ಕೆಲಸದವರ ಹಾಜರಿ, ಕೊಯ್ಲಿನ ತೂಕ, ವಾರದ ಬಟವಾಡೆ ಮೂರೂ ಮೊಬೈಲಲ್ಲೇ ಆಗಬೇಕಂತೆ. ಈಗ ರೈಟರ್ (ತೋಟದ ಲೆಕ್ಕ ಬರೆಯುವವರು) ಪುಸ್ತಕದಲ್ಲಿ ಬರೆದುಕೊಂಡು ರಾತ್ರಿ ಕೂತು ಎಕ್ಸೆಲ್‌ಗೆ ಹಾಕುತ್ತಾರೆ. ಮಾತಾಡಿದ್ದು ಸ್ವಲ್ಪ ಹೊತ್ತು ಅಷ್ಟೇ. ಕೊನೆಗೆ "ಒಟ್ಟು ಎಷ್ಟಾಗುತ್ತೆ, ಯಾವಾಗ ಕೊಡ್ತೀರಾ, ಒಂದು ಫಿಗರ್ ಹೇಳಿ" ಅಂದರು. ನಾಳೆ ಹೇಳುತ್ತೇವೆ ಅಂದಿದ್ದೇವೆ. ಜಾಸ್ತಿ ಹೇಳಿದರೆ ಬೆಂಗಳೂರಿನವರ ಹತ್ತಿರ ಹೋಗುತ್ತಾರೆ, ಕಮ್ಮಿ ಹೇಳಿದರೆ ನಮ್ಮ ಕೈಯಿಂದ ಹೋಗುತ್ತೆ. ಇಂಥ ಹೊತ್ತಲ್ಲಿ ನೀವೆಲ್ಲ ಅಂದಾಜು ಹೇಗೆ ಹಾಕುತ್ತೀರಿ? ಹಾಕಿದ್ದನ್ನು ಅವರಿಗೆ ಹೇಗೆ ಹೇಳುತ್ತೀರಿ?

ಗಿರಿ ತಪ್ಪಲು

ನಾಳೆ ಫಿಗರ್ ಹೇಳಬೇಡಿ. "ನಾಳೆ ತೋಟ ನೋಡಲು ಬರುತ್ತೇವೆ" ಅಂತ ಹೇಳಿ.

ನಾನು ಚಿಕ್ಕಮಗಳೂರಿನವನು. ತೋಟಗಳಿಗೆ, ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಡೆಯವರಿಗೆ, ಹೋಂಸ್ಟೇಗಳಿಗೆ ಕೆಲಸ ಮಾಡಿ ಅಭ್ಯಾಸ ಇದೆ. ಹಾಜರಿ, ತೂಕ, ಬಟವಾಡೆ ಅಂತ ಮೂರು ಪದದಲ್ಲಿ ಹೇಳಿದ್ದಾರಲ್ಲ, ಅದರಲ್ಲಿ ಹಾಜರಿ ಸುಲಭ. ಇನ್ನೆರಡರಲ್ಲಿ ಏನೇನಿದೆ ಅಂತ ಅವರಿಗೇ ಹೇಳಲು ಬರುವುದಿಲ್ಲ, ಯಾಕೆಂದರೆ ಅದೆಲ್ಲ ರೈಟರ್ ತಲೆಯಲ್ಲಿದೆ. ಬೆಳಿಗ್ಗೆ ಹಾಜರಿ ಹಾಕಿದ್ದಾರೆ, ಮಧ್ಯಾಹ್ನ ಮಳೆ ಬಂದು ಕೆಲಸ ನಿಂತಿತು, ಆ ದಿನಕ್ಕೆ ಎಷ್ಟು ಕೊಡುತ್ತಾರೆ? ಗಂಡ ಹೆಂಡತಿ ಇಬ್ಬರೂ ಒಂದೇ ಚೀಲಕ್ಕೆ ಹಣ್ಣು ಕುಯ್ದು ಹಾಕಿದರೆ ತೂಕ ಯಾರ ಹೆಸರಿಗೆ? ಮುಂಗಡ ತಗೊಂಡವರಿಗೆ ವಾರಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ, ಕೆಲಸ ಬಿಟ್ಟು ಊರಿಗೆ ಹೋದರೆ ಆ ಬಾಕಿ ಏನಾಗುತ್ತೆ? ಅರೇಬಿಕಾ ಕುಯ್ಯುವಾಗಿನ ಕೆಜಿ ರೇಟೇ ರೋಬಸ್ಟಾಕ್ಕೂ ಇದೆಯಾ? ಕೊನೆ ಸುತ್ತಲ್ಲಿ ಗಿಡದಲ್ಲಿ ಹಣ್ಣು ಕಮ್ಮಿ ಇರುತ್ತೆ, ಆಗ ಕೆಜಿ ಲೆಕ್ಕ ಬಿಟ್ಟು ದಿನಗೂಲಿಗೆ ಬರುತ್ತಾರಾ? ಒಂದೊಂದು ಪ್ರಶ್ನೆಗೂ ಕೋಡಿನಲ್ಲಿ ಒಂದೊಂದು ಕವಲು ಬೇಕು. ಇದನ್ನು ಕೇಳದೆ ಅಂದಾಜು ಹಾಕಿದರೆ ನೀವು ಹಾಕುತ್ತಿರುವುದು ನಿಮ್ಮ ಮನಸ್ಸಿನಲ್ಲಿರುವ ತೋಟದ ಅಂದಾಜು, ಅವರ ತೋಟದ್ದಲ್ಲ.

ಇನ್ನೊಂದು, ತೂಕ ಹಾಕುವ ಜಾಗಕ್ಕೇ ಹೋಗಿ ನಿಂತು ನಿಮ್ಮ ಫೋನಲ್ಲಿ ನೆಟ್‌ವರ್ಕ್ ನೋಡಿ. ಬಂಗಲೆ ಹತ್ತಿರ ನೋಡಿದರೆ ಸಾಲದು.

ಸಕಲೇಶಪುರ ಮಳೆ

ಮೇಲಿನವರ ಮಾತಿಗೆ ಲೆಕ್ಕದ ಆಧಾರವೂ ಇದೆ. ಸಾಫ್ಟ್‌ವೇರ್ ಖರ್ಚಿನ ಲೆಕ್ಕದ ತಜ್ಞ ಬ್ಯಾರಿ ಬೋಮ್ 1981ರಲ್ಲೇ ತೋರಿಸಿದ್ದು ಇದನ್ನೇ. ಪ್ರಾಜೆಕ್ಟಿನ ಬಗ್ಗೆ ಬರೀ ಮಾತಷ್ಟೇ ಆಗಿರುವ ಹಂತದಲ್ಲಿ ಅಂದಾಜು ಹಾಕಿದರೆ, ನಿಜವಾದ ಖರ್ಚು ಅದರ ನಾಲ್ಕು ಪಟ್ಟೂ ಆಗಬಹುದು, ಕಾಲು ಭಾಗವೂ ಆಗಬಹುದು. ಏನು ಬೇಕು ಅಂತ ಬರೆದುಕೊಂಡ ಮೇಲೆ, ಡಿಸೈನ್ ಆದ ಮೇಲೆ ಆ ಅಂತರ ಕಿರಿದಾಗುತ್ತಾ ಬರುತ್ತೆ. ಸುಮ್ನೆ ದಿನ ಕಳೆದರೆ ಕಿರಿದಾಗುವುದಿಲ್ಲ. ಗೊತ್ತಿಲ್ಲದ್ದನ್ನು ಕೇಳಿ, ನೋಡಿ, ತೀರ್ಮಾನ ಮಾಡಿದಾಗ ಮಾತ್ರ ಆಗುತ್ತೆ. ಹಾಗಾಗಿ ಫೋನ್ ಇಟ್ಟ ತಕ್ಷಣ ಹೇಳಿದ ಒಂಟಿ ಸಂಖ್ಯೆಗೆ ಬೆಲೆಯೇ ಇಲ್ಲ. ಆದರೆ ಕ್ಲೈಂಟ್ ನೆನಪಿಟ್ಟುಕೊಳ್ಳುವುದು ಅದನ್ನೇ.

ಲೆಕ್ಕಕ್ಕೆ ನಾನು ಬಳಸುವುದು ಮೂರು ಸಂಖ್ಯೆಯ ಪದ್ಧತಿ. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗೆ ಅಂತ ಮಾಡಿಕೊಂಡ ಪರ್ಟ್ ಅನ್ನುವ ಪದ್ಧತಿಯಿಂದ ಬಂದದ್ದು. ಪ್ರತಿ ಕೆಲಸಕ್ಕೂ ಮೂರು ದಿನ ಬರೆಯಬೇಕು: ಎಲ್ಲ ಸರಿಹೋದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲ ಕೈಕೊಟ್ಟರೆ ಎಷ್ಟು. ಮಧ್ಯದ್ದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿ ಆರರಿಂದ ಭಾಗಿಸಿ. ನಿಮ್ಮ ಕೆಲಸಕ್ಕೇ ಹಾಕಿ ತೋರಿಸುತ್ತೇನೆ, ದಿನಗಳು ನನ್ನ ಊಹೆ.

ತೂಕ ನಮೂದು: 4, 7, 22. ನೆಟ್‌ವರ್ಕ್ ಇದ್ದರೆ 4 ದಿನ, ಇಲ್ಲದೆ ಫೋನಲ್ಲೇ ಉಳಿಸಿ ಆಮೇಲೆ ಕಳಿಸುವಂತಾದರೆ 22. ಲೆಕ್ಕ ಹಾಕಿದರೆ 9 ಬರುತ್ತೆ.
ಬಟವಾಡೆ: 5, 8, 17. ಇದೂ 9.
ಲಾಗಿನ್ ಮತ್ತು ಹಾಜರಿ: 1, 2, 3. ಬಂದದ್ದು 2.
ಕನ್ನಡದಲ್ಲಿ ರಿಪೋರ್ಟ್, ಪಿಡಿಎಫ್: 2, 3, 10. ಬಂದದ್ದು 4.

ಈಗ ನೋಡಿ, ಮಧ್ಯದ ಸಂಖ್ಯೆಗಳನ್ನಷ್ಟೇ ಕೂಡಿದರೆ 20 ದಿನ. ನಾವೆಲ್ಲ ಬಾಯಲ್ಲಿ ಹೇಳುವುದು ಇದನ್ನೇ. ಮೂರು ಸಂಖ್ಯೆಯ ಲೆಕ್ಕ ಕೂಡಿದರೆ 24. ಆ 4 ದಿನ ನೀವು ಸೋಮಾರಿ ಆಗಿದ್ದಕ್ಕೆ ಬಂದದ್ದಲ್ಲ. ಕೆಲಸ ಬೇಗ ಮುಗಿಯಲು ಒಂದು ಮಿತಿ ಇದೆ, ತಡವಾಗಲು ಇಲ್ಲ, ಅದಕ್ಕೆ ಬಂದದ್ದು. ಏರುಪೇರು ಎಷ್ಟು ಅಂತ ತಿಳಿಯಲು ದೊಡ್ಡದರಲ್ಲಿ ಚಿಕ್ಕದನ್ನು ಕಳೆದು ಆರರಿಂದ ಭಾಗಿಸಿ. ತೂಕಕ್ಕೆ 3 ಬರುತ್ತೆ, ಬಟವಾಡೆಗೆ 2. ನಾಲ್ಕು ಸಾಲಿನದ್ದನ್ನೂ ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದರೆ ಸುಮಾರು 4. ಅದರ ಎರಡು ಪಟ್ಟು ಸೇರಿಸಿ. ಅಂದರೆ ಕ್ಲೈಂಟಿಗೆ ಹೇಳಬೇಕಾದದ್ದು 24ರಿಂದ 32 ದಿನದ ಕೋಡಿಂಗ್. 20 ಅಲ್ಲ.

ಅರಸೀಕೆರೆ ತೆಂಗು

ಇಷ್ಟೆಲ್ಲ ಯಾಕೆ ಸರ್? ಮನಸ್ಸಿಗೆ ಬಂದದ್ದನ್ನು ದುಪ್ಪಟ್ಟು ಮಾಡಿ ಹೇಳಿಬಿಡಿ. ನಮ್ಮ ಕಡೆ ಎಲ್ಲರೂ ಹಾಗೇ ಮಾಡುವುದು.

ಸಕಲೇಶಪುರ ಮಳೆ

ದುಪ್ಪಟ್ಟು ಅನ್ನುವುದರಲ್ಲಿ ಒಂದು ಸತ್ಯ ಇದೆ, ಒಪ್ಪುತ್ತೇನೆ. ಮನುಷ್ಯರು ತಮ್ಮ ಕೆಲಸಕ್ಕೆ ಕಮ್ಮಿ ಸಮಯ ಅಂದುಕೊಳ್ಳುವುದು ಸಹಜ. ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಇದನ್ನು ಗುರುತಿಸಿದ್ದರು. ಆಮೇಲೆ 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ 33.9 ದಿನ ಅಂದರು. ತಗೊಂಡದ್ದು 55.5. ದುಪ್ಪಟ್ಟು ಅಲ್ಲದಿದ್ದರೂ ಒಂದೂವರೆ ಪಟ್ಟಿಗಿಂತ ಜಾಸ್ತಿಯೇ ಅಲ್ವಾ.

ಆದರೆ ತೊಂದರೆ ಚೌಕಾಸಿ ಹೊತ್ತಲ್ಲಿ ಬರುತ್ತೆ. ಕ್ಲೈಂಟ್ "ಇದು ಜಾಸ್ತಿ ಆಯ್ತು, ಇಳಿಸಿ" ಅಂದಾಗ ದುಪ್ಪಟ್ಟು ಹೇಳಿದವರ ಹತ್ತಿರ ಉತ್ತರ ಇರುವುದಿಲ್ಲ. ಅವರಿಗೇ ಗೊತ್ತಿಲ್ಲ ಆ ಅರ್ಧ ಯಾಕಿದೆ ಅಂತ. ಹಾಗಾಗಿ ಇಳಿಸುತ್ತಾರೆ. ಇಳಿಸಿದ ಕೂಡಲೇ ಕ್ಲೈಂಟಿಗೆ ಮೊದಲ ಸಂಖ್ಯೆ ಸುಳ್ಳು ಅಂತ ಗೊತ್ತಾಗುತ್ತೆ, ಮುಂದಿನ ಸಲ ಎಲ್ಲದರಲ್ಲೂ ಅರ್ಧ ಕೇಳುತ್ತಾರೆ. "ಈ 8 ದಿನ ನಿಮ್ಮ ತೋಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಅಂತ ಇಟ್ಟಿದ್ದೇವೆ" ಅಂದರೆ ಅದನ್ನು ಯಾರೂ ಕಿತ್ತುಕೊಳ್ಳಲು ಬರುವುದಿಲ್ಲ. ಬೇಕಿದ್ದರೆ ಅವರೇ ನೆಟ್‌ವರ್ಕ್ ಇರುವ ಕಡೆ ತಕ್ಕಡಿ ಇಡುತ್ತಾರೆ, ಆಗ ಕಮ್ಮಿ ಮಾಡಿ.

ಗಿರಿ ತಪ್ಪಲು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಬೆಲೆ ಇಳಿಸಿ ಅಂದರೆ ಕೆಲಸ ಇಳಿಸಿ. ಅದೇ ಕೆಲಸಕ್ಕೆ ದಿನ ಕಮ್ಮಿ ಮಾಡಬೇಡಿ. "ಆಗಲಿ, ರಿಪೋರ್ಟ್ ಈ ವರ್ಷ ಎಕ್ಸೆಲ್‌ನಲ್ಲೇ ಬರಲಿ, ಪಿಡಿಎಫ್ ಮುಂದಿನ ವರ್ಷ ಮಾಡೋಣ, 4 ದಿನ ಉಳಿಯುತ್ತೆ" ಅನ್ನಿ. ಚೌಕಾಸಿ ಮಾಡುವವರಿಗೂ ಏನೋ ಗೆದ್ದ ಸಮಾಧಾನ ಸಿಗುತ್ತೆ, ನಿಮ್ಮ ದಿನಗೂಲಿ ಹಾಗೇ ಉಳಿಯುತ್ತೆ.

ನೇರ ಮಾತು

ಲೆಕ್ಕ ಎಲ್ಲ ಚೆನ್ನಾಗಿದೆ, ಆದರೆ 24ರಿಂದ 32 ಅಂದರೆ ನಮ್ಮೂರಿನ ಕ್ಲೈಂಟ್ ಕೇಳಿಸಿಕೊಳ್ಳುವುದು 24 ಮಾತ್ರ. ಬೆಲೆ ವಿಷಯದಲ್ಲಂತೂ ಕೇಳಲೇಬೇಡಿ. ಇಲ್ಲಿ ಗುತ್ತಿಗೆ ಅಂದರೆ ಗುತ್ತಿಗೆ, ಒಂದು ಮೊತ್ತ, ಮುಗೀತು. ದಿನದ ಲೆಕ್ಕದಲ್ಲಿ ದುಡ್ಡು ಕೊಡಿ ಅಂದರೆ "ಇವರು ಎಳೆದಾಡಿ ಬಿಲ್ ಮಾಡುತ್ತಾರೆ" ಅಂತ ಅನುಮಾನ ಪಡುತ್ತಾರೆ.

ಹೊಯ್ಸಳ ಬೀದಿ

ಬೇಲೂರಿನಿಂದ. ಅನುಮಾನ ಪಡುತ್ತಾರೆ ಅನ್ನುವುದು ನಿಜ. ಆದರೆ ಅದೇ ಜನ ಬೋರ್‌ವೆಲ್ ಕೊರೆಸುವಾಗ ಅಡಿ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ನೀರು ಎಷ್ಟು ಅಡಿಗೆ ಸಿಗುತ್ತೆ ಅಂತ ಯಾರೂ ಬರೆದುಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಅಡಿಗೆ ಇಷ್ಟು, ಕೇಸಿಂಗ್ ಪೈಪಿಗೆ ಇಷ್ಟು ಅಂತ ಮೊದಲೇ ಮಾತಾಗಿರುತ್ತೆ. ನಾನು ತೋಟದವರಿಗೆ ಇದನ್ನೇ ಹೇಳಿ ಒಪ್ಪಿಸುತ್ತೇನೆ, ಒಂದು ನಿಮಿಷದಲ್ಲಿ ಅರ್ಥ ಆಗುತ್ತೆ. ಜೊತೆಗೆ ಬೋರ್ ಕೊರೆಸುವವರು ತಾವೇ ಒಂದು ಮಿತಿ ಇಟ್ಟುಕೊಂಡಿರುತ್ತಾರೆ, ಇಷ್ಟು ಅಡಿಗೆ ಬರದಿದ್ದರೆ ನಿಲ್ಲಿಸಿ, ಕೇಳಿ ಮುಂದುವರಿಸಿ ಅಂತ. ಆ ಮಿತಿಯನ್ನೂ ಒಪ್ಪಂದದಲ್ಲಿ ಬರೆಯಿರಿ. ದಿನದ ಲೆಕ್ಕ, ಆದರೆ ಇಷ್ಟು ದಿನ ದಾಟಿದರೆ ನಿಮ್ಮನ್ನು ಕೇಳದೆ ಮುಂದೆ ಹೋಗುವುದಿಲ್ಲ ಅಂತ. ಅನುಮಾನ ಅರ್ಧಕ್ಕರ್ಧ ಅಲ್ಲೇ ಹೋಗುತ್ತೆ.

ನೇರ ಮಾತು

ಇದು ಒಳ್ಳೆ ಮಾತು. ನಾನಾದರೆ ಎರಡನ್ನೂ ಸೇರಿಸುತ್ತೇನೆ. ಗೊತ್ತಿರುವ ಭಾಗಕ್ಕೆ ಗುತ್ತಿಗೆ, ಗೊತ್ತಿಲ್ಲದ ಭಾಗಕ್ಕೆ ದಿನದ ಲೆಕ್ಕ.

ರೋಬಸ್ಟಾ ತೋಟ

ನಾನು ಸಾಫ್ಟ್‌ವೇರ್ ಮಾಡುವವಳಲ್ಲ, ಮಾಡಿಸಿಕೊಂಡವಳು. ಚಿಕ್ಕಮಗಳೂರು ಜಿಲ್ಲೆಯಲ್ಲೇ ತೋಟ ಇದೆ, ಪಕ್ಕದಲ್ಲಿ ಹೋಂಸ್ಟೇ. ನಮ್ಮ ಕಡೆಯಿಂದ ಎರಡು ಮಾತು ಹೇಳಬೇಕು ಅನ್ನಿಸಿತು.

ಹೋಂಸ್ಟೇ ಬುಕಿಂಗಿಗೆ ಅಂತ ಒಬ್ಬರಿಗೆ ಕೆಲಸ ಕೊಟ್ಟಿದ್ದೆವು. ದಸರಾ ರಜೆಗೆ ಮುಂಚೆ ಕೊಡುತ್ತೇವೆ ಅಂದಿದ್ದರು. ಕೇಳಿದಾಗಲೆಲ್ಲ "ಮುಗೀತಾ ಬಂತು ಮೇಡಂ, 90 ಪರ್ಸೆಂಟ್ ಆಗಿದೆ" ಅನ್ನುತ್ತಿದ್ದರು. ರಜೆ ಶುರುವಾಗುವ ಹಿಂದಿನ ದಿನ ಸಂಜೆ "ಪೇಮೆಂಟ್ ಇನ್ನೂ ಆಗುತ್ತಿಲ್ಲ" ಅಂದರು. ನನಗೆ ಸಿಟ್ಟು ಬಂದದ್ದು ತಡ ಆಗಿದ್ದಕ್ಕಲ್ಲ. ನಾವು ತೋಟದವರು, ಕಾಫಿ ಹೂ ಅರಳಿಸುವ ಹೂ ಮಳೆ ತಡವಾದರೆ ತಡೆದುಕೊಳ್ಳುತ್ತೇವೆ, ಸ್ಪ್ರಿಂಕ್ಲರ್ ಹಾಕುತ್ತೇವೆ. ಮೊದಲೇ ಹೇಳಿದ್ದರೆ ಆ ರಜೆಗೆ ಹಳೆ ರಿಜಿಸ್ಟರ್ ಇಟ್ಟುಕೊಂಡು, ಫೋನ್ ಎತ್ತಲು ಒಬ್ಬರನ್ನು ಕೂರಿಸುತ್ತಿದ್ದೆ. ಹಿಂದಿನ ದಿನ ಹೇಳಿದರೆ ನಾನು ಏನು ಮಾಡಲಿ? ಒಂದೇ ರೂಮಿಗೆ ಎರಡು ಕುಟುಂಬ ಬಂದು ನಿಂತರು.

ಎರಡನೆಯದು, "24ರಿಂದ 32 ಮ್ಯಾನ್ ಡೇಸ್" ಅಂದರೆ ನಮಗೆ ಏನೂ ತಿಳಿಯುವುದಿಲ್ಲ. ನಮ್ಮ ವರ್ಷ ಬೇರೆ ಥರ ನಡೆಯುತ್ತೆ. ನವೆಂಬರ್ ಬಂತು ಅಂದರೆ ಅರೇಬಿಕಾ ಕೊಯ್ಲು, ಅದು ಮುಗಿಯುತ್ತಿದ್ದ ಹಾಗೆ ರೋಬಸ್ಟಾ, ಫೆಬ್ರವರಿ ದಾಟುವವರೆಗೂ ಉಸಿರಾಡಲು ಬಿಡುವಿಲ್ಲ. ಆ ಹೊತ್ತಲ್ಲಿ ಹೊಸ ಆ್ಯಪ್ ಕೊಟ್ಟು "ಟೆಸ್ಟ್ ಮಾಡಿ" ಅಂದರೆ ರೈಟರ್ ಅದನ್ನು ಮುಟ್ಟುವುದೂ ಇಲ್ಲ. ನಮಗೆ ಹೇಳಬೇಕಾದದ್ದು ಹೀಗೆ: "ಕೊಯ್ಲಿಗೆ ಮುಂಚೆ ಹಾಜರಿ ಮತ್ತು ತೂಕ ಖಂಡಿತ ಸಿಗುತ್ತೆ, ಬಟವಾಡೆ ಸಿಗಬಹುದು, ರಿಪೋರ್ಟ್ ಕೊಯ್ಲು ಮುಗಿದ ಮೇಲೆ." ಅಷ್ಟು ಹೇಳಿದರೆ ನಾವು ನಮ್ಮ ಏರ್ಪಾಡು ಮಾಡಿಕೊಳ್ಳುತ್ತೇವೆ.

ಸಕಲೇಶಪುರ ಮಳೆ

ಮೇಡಂ, ಇಡೀ ಚರ್ಚೆಯಲ್ಲಿ ಇದೇ ದೊಡ್ಡ ಮಾತು. ನಾವು ಅಂದಾಜು, ಬೆಲೆ, ಕೊಡುತ್ತೇವೆ ಅಂತ ಮಾತು ಕೊಟ್ಟ ದಿನ, ಮೂರನ್ನೂ ಕಲಸಿಬಿಡುತ್ತೇವೆ. ಅಂದಾಜು ನಮ್ಮ ಲೆಕ್ಕ. ಅದು ಅಂತರದಲ್ಲೇ ಇರಬೇಕು, ಮತ್ತು ಕ್ಲೈಂಟಿಗೆ ಇಷ್ಟವಾಗಲಿಲ್ಲ ಅಂತ ಬದಲಾಗಬಾರದು. ಬೆಲೆ ವ್ಯಾಪಾರ, ಅದರಲ್ಲಿ ಕೊಟ್ಟು ತಗೊಳ್ಳುವುದು ಇರುತ್ತೆ. ಮಾತು ಕೊಟ್ಟ ದಿನ ಅನ್ನುವುದು ಅಂತರದ ದೂರದ ತುದಿಯಲ್ಲಿರಬೇಕು, ಹತ್ತಿರದ ತುದಿಯಲ್ಲಲ್ಲ.

ಹಾಸನದ ಮೂವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತೋಟ ನೋಡಲು ಬರುತ್ತೇವೆ ಅಂತ ಹೇಳಿದೆವು, "ಬನ್ನಿ, ಊಟಕ್ಕೆ ಇಲ್ಲೇ ಇರಿ" ಅಂದರು. ಮಳೆ ಸ್ವಲ್ಪ ಬಿಟ್ಟ ಮೇಲೆ ಹೋಗುತ್ತೇವೆ. ಅಲ್ಲಿಯವರೆಗೆ ಒಂದು ಪ್ರಶ್ನೆ. ಕೋಡಿಂಗ್ ಬಿಟ್ಟು ಬೇರೆ ಏನೇನು ಲೆಕ್ಕಕ್ಕೆ ಹಿಡಿಯಬೇಕು?

ಗಿರಿ ತಪ್ಪಲು

ನಮ್ಮ ಕೈಯಲ್ಲಿಲ್ಲದ ಕಾಯುವಿಕೆ ಎಲ್ಲಕ್ಕಿಂತ ಮೊದಲು. ಪ್ಲೇ ಸ್ಟೋರಿನಲ್ಲಿ ನಿಮ್ಮ ಖಾತೆ ವೈಯಕ್ತಿಕದ್ದಾ, ಸಂಸ್ಥೆಯದ್ದಾ ನೋಡಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆ ಆದರೆ, ಕನಿಷ್ಠ 12 ಜನ ಸತತ 14 ದಿನ ಪರೀಕ್ಷೆಯಲ್ಲಿ ಸೇರಿಕೊಂಡಿದ್ದ ಮೇಲೆಯೇ ಎಲ್ಲರಿಗೂ ಬಿಡುಗಡೆ ಮಾಡಲು ಅರ್ಜಿ ಹಾಕಬಹುದು. ನೀವು ಎಷ್ಟು ಬೇಗ ಕೋಡ್ ಬರೆದರೂ ಈ ಎರಡು ವಾರ ಕರಗುವುದಿಲ್ಲ. ಕೆಲಸದವರಿಗೆ ಎಸ್‌ಎಂಎಸ್ ಹೋಗಬೇಕು ಅಂದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ಸಂಸ್ಥೆಯ ಹೆಸರು, ಕಳಿಸುವ ಸಂದೇಶದ ನಮೂನೆ ಎರಡೂ ನೋಂದಣಿ ಆಗಬೇಕು. ಅದನ್ನು ಕ್ಲೈಂಟ್ ದಾಖಲೆ ಕೊಟ್ಟು ಮಾಡಿಸಬೇಕು, ಮೇಲಿನ ಮೇಡಂ ಹೇಳಿದ ಪೇಮೆಂಟ್ ವಿಷಯದಲ್ಲೂ ಆನ್‌ಲೈನ್ ಹಣ ಪಡೆದುಕೊಡುವ ಗೇಟ್‌ವೇಯವರ ಕೆವೈಸಿ (ಗುರುತಿನ ದಾಖಲೆ ಪರಿಶೀಲನೆ) ಹೀಗೇ. ಇವನ್ನೆಲ್ಲ ಮೊದಲ ವಾರವೇ ಶುರು ಮಾಡಿ, ಮತ್ತು "ಈ ದಾಖಲೆ ನೀವು ಕೊಟ್ಟ ದಿನದಿಂದ ಲೆಕ್ಕ" ಅಂತ ಬರೆಯಿರಿ.

ಆಮೇಲೆ ಹಳೆ ದಾಖಲೆ. ಎಕ್ಸೆಲ್ ಫೈಲ್ ಇದೆ ಅಂದಿರಿ. ಅದನ್ನು ತೆರೆದು ನೋಡಿ. ಹೆಸರುಗಳು ಹಳೆ ನುಡಿ ಫಾಂಟಿನಲ್ಲಿದ್ದರೆ ಯೂನಿಕೋಡ್‌ಗೆ (ಎಲ್ಲ ಫೋನಲ್ಲೂ ಕನ್ನಡ ಸರಿಯಾಗಿ ಕಾಣುವ ಅಕ್ಷರ ಸಂಕೇತಕ್ಕೆ) ಬದಲಾಯಿಸಬೇಕು. ಬದಲಾಯಿಸುವ ತಂತ್ರಾಂಶ ಇದೆ, ಆದರೆ ಕನ್ನಡ ಇಂಗ್ಲಿಷ್ ಬೆರೆತ ಕಡೆ ಹಾಳಾಗುತ್ತೆ, ಒಬ್ಬರು ಕೂತು ಕಣ್ಣಾಡಿಸಬೇಕು. ಅಸ್ಸಾಂ ಕಡೆಯಿಂದ ಬಂದ ಕೆಲಸದವರ ಹೆಸರನ್ನು ಒಂದೊಂದು ವಾರ ಒಂದೊಂದು ಥರ ಬರೆದಿರುತ್ತಾರೆ, ಒಬ್ಬರೇ ಮೂರು ಜನ ಆಗಿರುತ್ತಾರೆ. ಕನ್ನಡ ಪಿಡಿಎಫ್‌ಗೆ 10 ದಿನ ಅಂತ ಮೇಲೆ ಹಾಕಿದ್ದನ್ನು ನೋಡಿ ಜಾಸ್ತಿ ಅನ್ನಿಸಬಹುದು, ಅಲ್ಲ. ಬಹಳಷ್ಟು ಪಿಡಿಎಫ್ ಲೈಬ್ರರಿಗಳಲ್ಲಿ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ, ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ ಬೀಳುತ್ತೆ. ನಿಮ್ಮ ಲೈಬ್ರರಿಯಲ್ಲಿ "ಕೃಷ್ಣಪ್ಪ" ಅಂತ ಒಂದು ಹೆಸರು ಮುದ್ರಿಸಿ ನೋಡಿ, ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ 2 ದಿನವೋ 10 ದಿನವೋ ಅಂತ.

ತಕ್ಕಡಿಯಿಂದ ನೇರ ತೂಕ ಬರಬೇಕು ಅಂದರೆ ತಕ್ಕಡಿ ಹಿಂದೆ ಸೀರಿಯಲ್ ಪೋರ್ಟ್ (ಡೇಟಾ ವೈರ್ ಜೋಡಿಸುವ ಜಾಗ) ಇದೆಯಾ ನೋಡಿ. ಇದ್ದರೂ ಒಂದೊಂದು ಕಂಪನಿಯದ್ದು ಒಂದೊಂದು ಥರ ಡೇಟಾ ಕಳಿಸುತ್ತೆ.

ಹೊಯ್ಸಳ ಬೀದಿ

ತರಬೇತಿ ಬಿಟ್ಟಿರಿ. ರೈಟರ್‌ಗೆ ಕಲಿಸುವುದು ಒಂದು ದಿನದ ಕೆಲಸ ಅಲ್ಲ. ಒಂದೆರಡು ವಾರ ಪುಸ್ತಕ ಮತ್ತು ಆ್ಯಪ್ ಎರಡೂ ಒಟ್ಟಿಗೆ ನಡೆಯಬೇಕು, ಎರಡರ ಮೊತ್ತ ತಾಳೆ ಆಗಬೇಕು, ಆಗ ಮಾತ್ರ ಪುಸ್ತಕ ಬಿಡುತ್ತಾರೆ. ಆ ವಾರಗಳಲ್ಲಿ ನಿಮಗೆ ಫೋನ್ ಮೇಲೆ ಫೋನ್ ಬರುತ್ತೆ, ಅದೂ ಕೆಲಸವೇ.

ಸಕಲೇಶಪುರ ಮಳೆ

ಮತ್ತು ಕೆಲಸದ ದಿನ ಬೇರೆ, ಕ್ಯಾಲೆಂಡರ್ ದಿನ ಬೇರೆ. ನೀವು ಮೂವರು, ಕೈಯಲ್ಲಿ ಬೇರೆ ಕೆಲಸವೂ ಇದೆ. ಇದಕ್ಕೆ ಅಂತ ಇಬ್ಬರು ವಾರಕ್ಕೆ ಮೂರು ಮೂರು ದಿನ ಕೊಟ್ಟರೆ ವಾರಕ್ಕೆ 6 ದಿನದ ಕೆಲಸ ಆಗುತ್ತೆ. ಕೋಡಿಂಗ್ 24ರಿಂದ 32, ಓಡಾಟ, ಪರೀಕ್ಷೆ, ತರಬೇತಿಗೆ ಒಂದು 12 ಸೇರಿಸಿ, 36ರಿಂದ 44. ಅಂದರೆ 6ರಿಂದ 8 ವಾರ. ಮಳೆಗಾಲದಲ್ಲಿ ಕರೆಂಟ್ ಹೋಗುವುದನ್ನೂ ಘಾಟಿಯಲ್ಲಿ ರಸ್ತೆ ಕೆಡುವುದನ್ನೂ ನೆನಪಿಟ್ಟುಕೊಳ್ಳಿ.

ಅರಸೀಕೆರೆ ತೆಂಗು

ತಡ ಆಗುತ್ತಿದೆ ಅಂತ ಗೊತ್ತಾದರೆ ಇನ್ನಿಬ್ಬರು ಹುಡುಗರನ್ನು ಸೇರಿಸಿಕೊಂಡರೆ ಆಗಲ್ವಾ? ಇಂಜಿನಿಯರಿಂಗ್ ಮುಗಿಸಿದವರು ಹಾಸನದಲ್ಲಿ ಬೇಕಾದಷ್ಟು ಇದ್ದಾರೆ.

ಸಕಲೇಶಪುರ ಮಳೆ

ಆಗಲ್ಲ, ಇನ್ನೂ ತಡ ಆಗುತ್ತೆ. ಐಬಿಎಂನ ದೊಡ್ಡ ಆಪರೇಟಿಂಗ್ ಸಿಸ್ಟಂ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದನ್ನು ಬರೆದಿದ್ದಾರೆ. ಹೊಸಬರಿಗೆ ಬಟವಾಡೆ ನಿಯಮ ಹೇಳಿಕೊಡಬೇಕಾದವರು ಯಾರು? ಕೆಲಸ ಮಾಡುತ್ತಿರುವವರೇ. ಅಷ್ಟು ದಿನ ಅವರ ಕೆಲಸವೂ ನಿಲ್ಲುತ್ತೆ. ಇಬ್ಬರಿದ್ದರೆ ಮಾತುಕತೆಗೆ ಒಂದು ಜೋಡಿ, ನಾಲ್ವರಾದರೆ ಆರು ಜೋಡಿ. ಶುರುವಿನಲ್ಲೇ ಸೇರಿಸಿಕೊಂಡರೆ ಸರಿ, ಕೊನೆಯಲ್ಲಿ ಬೇಡ.

ಲೆಕ್ಕದ ಮನೆ

ಹಾಸನದಲ್ಲಿ ತೆರಿಗೆ ಲೆಕ್ಕ ನೋಡುತ್ತೇನೆ. ನನ್ನ ಹತ್ತಿರ ಬರುವ ಸಾಫ್ಟ್‌ವೇರ್ ಹುಡುಗರ ಜಗಳ ಅರ್ಧ ಕೊಟೇಶನ್‌ನಲ್ಲಿ ಬರೆಯದೆ ಬಿಟ್ಟದ್ದರಿಂದಲೇ. ಬೆಲೆ ಜಿಎಸ್‌ಟಿ ಸೇರಿಯೋ ಬಿಟ್ಟೋ ಬರೆಯಿರಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ನೋಂದಣಿ ಸಾಮಾನ್ಯವಾಗಿ ಕಡ್ಡಾಯ ಅಲ್ಲ, ನೋಂದಣಿ ಇದ್ದರೆ 18 ಪರ್ಸೆಂಟ್ ಸೇರುತ್ತೆ. ತೋಟದವರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಆ 18 ಅವರಿಗೆ ವಾಪಸ್ ಸಿಗುವುದಿಲ್ಲ, ಪೂರ್ತಿ ಖರ್ಚೇ. ಕೊನೆಯಲ್ಲಿ ಬಿಲ್ ನೋಡಿ ಗಾಬರಿ ಆಗುವುದು ಬೇಡ.

ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಇದೆ, ಮಾಡಿಸಿಕೊಳ್ಳಿ, ಅದು ಉಚಿತ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಬರಹದಲ್ಲಿ ಒಪ್ಪಿದ ದಿನದೊಳಗೆ ಕೊಡಬೇಕು, ಆ ಗಡುವು 45 ದಿನ ದಾಟುವಂತಿಲ್ಲ. ಬರಹವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಊರಿನವರ ಮೇಲೆ ಇದನ್ನು ಹೂಡಿ ಅಂತ ಹೇಳುತ್ತಿಲ್ಲ. ಕೊಟೇಶನ್‌ನಲ್ಲಿ ಕಂತುಗಳ ದಿನ ಬರೆದಿದ್ದರೆ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಹಾಸನದ ಮೂವರು

ಹೋಗಿ ಬಂದೆವು. ಬಂಗಲೆ ಹತ್ತಿರ ನೆಟ್‌ವರ್ಕ್ ಚೆನ್ನಾಗಿದೆ, ತೂಕ ಹಾಕುವ ಕಣದಲ್ಲಿ ಒಂದು ಕಡ್ಡಿಯೂ ಇಲ್ಲ. ತಕ್ಕಡಿಯಿಂದ ನೇರ ತೂಕ ಬೇಡ, ಕೈಯಲ್ಲೇ ಹಾಕುತ್ತೇವೆ ಅಂದರು. ರೈಟರ್ ಜೊತೆ ಕೂತು ಕಳೆದ ಕೊಯ್ಲಿನ ಪುಸ್ತಕ ಪೂರ್ತಿ ನೋಡಿದೆವು. ಗಂಡ ಹೆಂಡತಿ ಒಂದೇ ಚೀಲಕ್ಕೆ ಹಾಕುವುದು ನಿಜಕ್ಕೂ ಇದೆ! ತೂಕವನ್ನು ಇಬ್ಬರಿಗೆ ಅರ್ಧರ್ಧ ಬರೆಯುತ್ತಾರೆ, ಮುಂಗಡ ಮಾತ್ರ ಗಂಡನ ಲೆಕ್ಕದಲ್ಲಿ ಮುರಿಯುತ್ತಾರೆ. ಇದು ಮಾಲೀಕರಿಗೂ ಗೊತ್ತಿರಲಿಲ್ಲ. ಎಕ್ಸೆಲ್ ನುಡಿಯಲ್ಲೇ ಇದೆ.

ಹೊಸ ಲೆಕ್ಕ: ತೂಕ 8, 11, 14, ಅಂದರೆ 11 ದಿನ. ಬಟವಾಡೆ 9, 10, 17, ಅದೂ 11. ಲಾಗಿನ್ ಹಾಜರಿ 2, ರಿಪೋರ್ಟ್ 4, ಹಳೆ ದಾಖಲೆ 3. ಒಟ್ಟು 31, ಏರುಪೇರು ಎರಡಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ 31ರಿಂದ 35, ಓಡಾಟ, ಪರೀಕ್ಷೆ, ತರಬೇತಿಯ 12 ಸೇರಿದರೆ 43ರಿಂದ 47. ತೂಕದ ಸಾಲು 9ರಿಂದ 11ಕ್ಕೆ ಏರಿತು, ಆದರೆ ಅದರ ಏರುಪೇರು 3ರಿಂದ 1ಕ್ಕೆ ಇಳಿಯಿತು. ಅದನ್ನು ನೋಡಿ ಧೈರ್ಯ ಬಂತು. ಹೋಗದೆ 20 ದಿನ ಅಂದಿದ್ದರೆ ಏನಾಗುತ್ತಿತ್ತು ಅಂತ ಮೂವರೂ ಕಾರಿನಲ್ಲಿ ಅದನ್ನೇ ಮಾತಾಡಿಕೊಂಡು ಬಂದೆವು.

ಕಳಿಸಬೇಕೆಂದಿರುವ ಪತ್ರ ಇದು, ತಿದ್ದಿ ಕೊಡಿ:

"ಮಾನ್ಯರೇ, ನಿಮ್ಮ ತೋಟ ನೋಡಿ, ರೈಟರ್ ಅವರ ಜೊತೆ ಮಾತಾಡಿದ ಮೇಲೆ ನಮ್ಮ ಲೆಕ್ಕ ಹೀಗಿದೆ. ಜುಲೈ ಮಧ್ಯದಲ್ಲಿ ಶುರು ಮಾಡಿದರೆ ಹಾಜರಿ ಮತ್ತು ತೂಕ ಆಗಸ್ಟ್ ಕೊನೆಗೆ ನಿಮ್ಮ ಫೋನಿನಲ್ಲಿ ಇರುತ್ತದೆ. ಬಟವಾಡೆ ಸೆಪ್ಟೆಂಬರ್ ಕೊನೆಗೆ. ಅಕ್ಟೋಬರ್ ಪೂರ್ತಿ ಪುಸ್ತಕ ಮತ್ತು ಆ್ಯಪ್ ಎರಡನ್ನೂ ಒಟ್ಟಿಗೆ ನಡೆಸೋಣ, ಕೊಯ್ಲು ಶುರುವಾಗುವ ಹೊತ್ತಿಗೆ ಪುಸ್ತಕ ಬಿಡಬಹುದು. ಒಟ್ಟು 43ರಿಂದ 47 ದಿನದ ಕೆಲಸ, ದಿನಕ್ಕೆ ₹4,000ದಂತೆ ₹1,72,000ದಿಂದ ₹1,88,000. ನಮಗೆ ಜಿಎಸ್‌ಟಿ ನೋಂದಣಿ ಇಲ್ಲ, ಬೇರೆ ತೆರಿಗೆ ಸೇರುವುದಿಲ್ಲ. ₹1,88,000 ದಾಟುವ ಸಂದರ್ಭ ಬಂದರೆ ನಿಮ್ಮನ್ನು ಕೇಳದೆ ಮುಂದುವರಿಯುವುದಿಲ್ಲ. ಕೂಲಿ ನಿಯಮ ಬದಲಾದರೆ ಅಥವಾ ತಕ್ಕಡಿ ಜೋಡಿಸಬೇಕು ಅಂದರೆ ದಿನ ಹೆಚ್ಚಾಗುತ್ತದೆ. ಪ್ರತಿ ಶನಿವಾರ ಸಂಜೆ ಎಷ್ಟಾಯಿತು, ಎಷ್ಟು ಉಳಿಯಿತು ಎಂದು ವಾಟ್ಸ್ಆ್ಯಪ್‌ನಲ್ಲಿ ತಿಳಿಸುತ್ತೇವೆ."

ಗಿರಿ ತಪ್ಪಲು

ಚೆನ್ನಾಗಿದೆ. ಎರಡು ತಿದ್ದುಪಡಿ. ಕಂತುಗಳನ್ನು ಸೇರಿಸಿ, ಲೆಕ್ಕದ ಮನೆಯವರು ಹೇಳಿದ್ದು ಬಿಟ್ಟಿದ್ದೀರಿ. ಶುರುವಿಗೆ ಇಷ್ಟು, ತೂಕ ಕೈಗೆ ಬಂದಾಗ ಇಷ್ಟು, ಬಟವಾಡೆ ಪುಸ್ತಕದ ಜೊತೆ ತಾಳೆ ಆದಾಗ ಇಷ್ಟು ಅಂತ. ಮತ್ತು ಈ ಪತ್ರ ಎಷ್ಟು ದಿನ ನಡೆಯುತ್ತೆ ಅಂತ ಬರೆಯಿರಿ. ಅವರು ಸೆಪ್ಟೆಂಬರ್‌ನಲ್ಲಿ ಒಪ್ಪಿದರೆ ಕೊಯ್ಲಿಗೆ ಮುಂಚೆ ಆಗುವುದಿಲ್ಲ.

ರಿಪೋರ್ಟ್ ಯಾವಾಗ ಅಂತ ಹೇಳೇ ಇಲ್ಲ ನೋಡಿ.

ಸಕಲೇಶಪುರ ಮಳೆ

ಶನಿವಾರದ ಸಂದೇಶದಲ್ಲಿ ಪರ್ಸೆಂಟ್ ಬೇಡ. "90 ಪರ್ಸೆಂಟ್" ಏನಾಯಿತು ಅಂತ ಮೇಲೆ ಮೇಡಂ ಹೇಳಿದ್ದಾರೆ. ಈ ಥರ ಬರೆಯಿರಿ: "ಈ ವಾರ ತೂಕ ನಮೂದು ನೆಟ್ ಇಲ್ಲದೆಯೂ ನಡೆಯುತ್ತಿದೆ, ವೀಡಿಯೊ ಕಳಿಸಿದ್ದೇವೆ. ಬಂಗಲೆಗೆ ಬಂದಾಗ ತಾನೇ ಕಳಿಸುವುದು ಇನ್ನೂ ಆಗಿಲ್ಲ, ಅದಕ್ಕೆ ಅಂದುಕೊಂಡದ್ದಕ್ಕಿಂತ 2 ದಿನ ಜಾಸ್ತಿ ಬೇಕು. ಆಗಸ್ಟ್ ಕೊನೆಯ ದಿನಾಂಕಕ್ಕೆ ತೊಂದರೆ ಇಲ್ಲ." ಕೆಟ್ಟ ಸುದ್ದಿ ಇದ್ದ ವಾರ ಸಂದೇಶದ ಮೊದಲ ಸಾಲಿನಲ್ಲೇ ಅದನ್ನು ಹಾಕಿ, ಕೊನೆಯಲ್ಲಿ ಬಚ್ಚಿಡಬೇಡಿ. ಮತ್ತು ನಿಜವಾಗಿ ಎಷ್ಟು ದಿನ ಹಿಡಿಯಿತು ಅಂತ ಪ್ರತಿ ಸಾಲಿನ ಪಕ್ಕ ಬರೆದಿಟ್ಟುಕೊಳ್ಳಿ. ಮುಂದಿನ ತೋಟದ ಅಂದಾಜಿಗೆ ನನ್ನ ಊಹೆಗಿಂತ ನಿಮ್ಮದೇ ಅಂಕಿ ಎಷ್ಟೋ ಮೇಲು.

ರೋಬಸ್ಟಾ ತೋಟ

ನನಗೆ ಈ ಪತ್ರ ಬಂದಿದ್ದರೆ ಒಪ್ಪುತ್ತಿದ್ದೆ. ಒಂದು ಮಾತ್ರ ಹುಡುಕಿದೆ, ಸಿಗಲಿಲ್ಲ. ಬಟವಾಡೆ ದಿನ ಸಂಜೆ ಆ್ಯಪ್ ನಿಂತುಹೋದರೆ ಯಾರಿಗೆ ಫೋನ್ ಮಾಡಬೇಕು? ಕೆಲಸದವರು ಸಂತೆಗೆ ಹೋಗಬೇಕು, ಅಂಗಳದಲ್ಲಿ ಕಾಯುತ್ತಾ ನಿಂತಿರುತ್ತಾರೆ. ಮೊದಲ ಕೊಯ್ಲು ಮುಗಿಯುವವರೆಗೆ ಆ ಹೊತ್ತಲ್ಲಿ ಒಬ್ಬರು ಫೋನ್ ಎತ್ತುತ್ತೀರಾ, ಅದಕ್ಕೆ ಬೇರೆ ದುಡ್ಡಾ, ಅದರಲ್ಲೇ ಸೇರಿದೆಯಾ ಅಂತ ಹಾಕಿಬಿಡಿ.

ಹಾಸನದ ಮೂವರು

ಮೇಡಂ, ಅದು ನಮ್ಮ ತಲೆಗೇ ಬಂದಿರಲಿಲ್ಲ. ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಬಟವಾಡೆ ಸಂಜೆ ಒಬ್ಬರು ಫೋನಿಗೆ ಸಿಗುತ್ತೇವೆ ಅಂತ ಹಾಕಿ, ಅದಕ್ಕೆ 4 ದಿನದ ಲೆಕ್ಕ ಬೇರೆ ಸಾಲಿನಲ್ಲಿ ತೋರಿಸುತ್ತೇವೆ, ₹16,000. ಬೇಡ ಅಂದರೆ ಅವರೇ ತೆಗೆಯಲಿ. ಮೂರು ಕಂತು ಸೇರಿಸಿದ್ದೇವೆ, ಪತ್ರ ಜುಲೈ 31ರವರೆಗೆ ನಡೆಯುತ್ತೆ ಅಂತ ಬರೆದಿದ್ದೇವೆ, ರಿಪೋರ್ಟ್ ಮಾರ್ಚಿಗೆ ಅಂತ ಹಾಕಿದ್ದೇವೆ. ನಾಳೆ ಬೆಳಿಗ್ಗೆ ಕಳಿಸಿ, ಸಂಜೆ ಫೋನ್ ಮಾಡಿ ಸಾಲು ಸಾಲಾಗಿ ಓದಿ ಹೇಳುತ್ತೇವೆ.